ಅಧ್ಯಕ್ಷರು ಒಳಗ ಅದಾರ

1/10

ಮೊದಲಿಗೆ ತಪ್ಪೊಪ್ಪಿಗೆ.

ಎರಡು ವಾರದ ಹಿಂದೆ ನಮ್ಮ ಎನ್ನೆಸ್ಸೆಸ್ ಕ್ಯಾಂಪಿನ ಫೋಟೋ ಹಾಕಿದ್ದೆ, ನೆನಪಿರಬೇಕು. ಶಾಲೆ ಅಂಗಳ, ಬ್ಯಾನರ್, ಗಿಡಕ್ಕೆ ನೀರು ಹಾಕ್ತಿರೋ ಬಿಳಿ ಶರ್ಟಿನವರು. ಕೆಳಗೆ ನಾನೇ ಟೈಪ್ ಮಾಡಿದ್ದೆ: ‘ಗ್ರಾಮ ಪಂಚಾಯತಿ ಅಧ್ಯಕ್ಷರಿಂದ ಶಿಬಿರದ ಉದ್ಘಾಟನೆ.’ ನಾನೂರು ಲೈಕ್ ಬಿತ್ತು. ಅರ್ಧ ಕ್ಲಾಸು ಬಂದು ಹಾರ್ಟ್ ಒತ್ತಿ ಹೋಯ್ತು.

ರಾತ್ರಿ ಒಂದು ಮೆಸೇಜ್ ಬಂತು. ಹತ್ತನೇ ಕ್ಲಾಸಿನ ಹುಡುಗಿ, ಅದೇ ಊರಿನವಳು.

‘ಅಕ್ಕಾ, ಅವ್ರು ಅಧ್ಯಕ್ಷರಲ್ಲ. ನಮ್ಮಪ್ಪ. ಅಧ್ಯಕ್ಷರು ನಮ್ಮವ್ವ.’

‘ಅಯ್ಯೋ ಸಾರಿ ತಂಗಿ. ಅವ್ವಾರು ಫಂಕ್ಷನ್ನಿಗೆ ಬಂದಿರಲಿಲ್ಲೇನು?’

‘ಬಂದಿದ್ರಲ್ಲಕ್ಕಾ. ನಿಮಗೆಲ್ಲಾ ಉಪ್ಪಿಟ್ಟು ಕೊಟ್ರಲ್ಲ, ಅವ್ರ.’

ಉಪ್ಪಿಟ್ಟು ನೆನಪಿತ್ತು. ಬಿಸಿ ಇತ್ತು, ಎರಡು ಸಲ ಹಾಕಿಸ್ಕೊಂಡಿದ್ದೆ. ಕೊಟ್ಟ ಕೈ ನೆನಪಿತ್ತು, ಹಸಿರು ಬಳೆ. ಮುಖ ಮಾತ್ರ ನೆನಪಾಗಲಿಲ್ಲ. ಅವತ್ತು ಸ್ಟೇಜ್ ಹತ್ತಿರ ಯಾರೋ ‘ಅಧ್ಯಕ್ಷರು ಎಲ್ಲಿ?’ ಅಂದಾಗ ಇನ್ನೊಬ್ಬರು ‘ಒಳಗ ಅದಾರ’ ಅಂದಿದ್ದರು. ಸುತ್ತ ಇದ್ದವರು ನಕ್ಕರು. ಯಾಕೆ ನಕ್ಕರು ಅಂತ ಅವತ್ತು ಗೊತ್ತಾಗಲಿಲ್ಲ. ನಾನೂ ನಕ್ಕಿದ್ದೆ.

ಆ ಪೋಸ್ಟ್ ತೆಗೆದಿದ್ದೀನಿ. ಆ ತಾಯಿ, ಮಗಳು ಇಬ್ಬರನ್ನೂ ಕೇಳಿಯೇ ಇದನ್ನು ಬರೀತಿದ್ದೀನಿ. ಊರು ಹಲಗೇರಿ ಅಲ್ಲ. ಕ್ಯಾಂಪಿಗೆ ಬಂದವರಿಗೆ ಗೊತ್ತಿರುತ್ತೆ, ದಯವಿಟ್ಟು ಕಮೆಂಟಿನಲ್ಲಿ ಹೆಸರು ಹಾಕಬೇಡಿ. ಯಾಕಂದ್ರೆ ಅದು ನಿಮ್ಮೂರೂ ಆಗಿರಬಹುದು.

ಹತ್ತು ಕ್ಯಾಪ್ಶನ್ ಆಗುತ್ತೆ. ಉದ್ದ ಆಯ್ತು ಅನ್ನೋರು ಸ್ಕ್ರೋಲ್ ಮಾಡಬಹುದು. ಆದ್ರೆ ಓದದೇ ಹಾರ್ಟ್ ಒತ್ತಬೇಡಿ.

2/10

ಅಕ್ಟೋಬರ್ 23ಕ್ಕೆ ನಮ್ಮೆಲ್ಲರ ಸ್ಟೇಟಸ್ ಒಂದೇ. ಕುದುರೆ, ಕತ್ತಿ, ಕಿತ್ತೂರು ರಾಣಿ ಚೆನ್ನಮ್ಮ, ಹಿಂದೆ ಡೊಳ್ಳಿನ ಮ್ಯೂಸಿಕ್. ನಾನೂ ಹಾಕ್ತೀನಿ. ಹಾಕಲೇಬೇಕು. ದತ್ತು ಮಗನನ್ನ ಒಪ್ಪಲ್ಲ, ಸಂಸ್ಥಾನ ನಮಗೆ ಬಿಡಿ ಅಂತ ಕಂಪನಿ ಸರ್ಕಾರ ಹೇಳಿದಾಗ ಆಕೆ ಬಿಡಲಿಲ್ಲ. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಎರಡನೇ ಸಲ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. 1829ರ ಫೆಬ್ರವರಿ 2ಕ್ಕೆ ಬೈಲಹೊಂಗಲದಲ್ಲಿ ಸೆರೆಯಲ್ಲೇ ತೀರಿಕೊಂಡಳು.

ಆದ್ರೆ ಒಂದು ಮಾತು ಕೇಳ್ತೀನಿ. ನಮಗೆ ಹೆಣ್ಣು ನಾಯಕಿ ಬೇಕು ಅಂದ್ರೆ ಅವಳು ಕುದುರೆ ಮೇಲೇ ಇರಬೇಕಾ? ಸತ್ತು ಇನ್ನೂರು ವರ್ಷ ಆಗಿರಬೇಕಾ?

ಕಿತ್ತೂರು ಪ್ರಜಾಪ್ರಭುತ್ವ ಆಗಿರಲಿಲ್ಲ. ಚೆನ್ನಮ್ಮನಿಗೆ ಯಾರೂ ಮತ ಹಾಕಿರಲಿಲ್ಲ, ಅದು ಆ ಕಾಲ. ಇವತ್ತು ನಮ್ಮ ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯತಿ ಇವೆ. ಅಧ್ಯಕ್ಷರ ಕುರ್ಚಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿಗೆ ಮೀಸಲು. ಅಂದ್ರೆ ಸುಮಾರು 3 ಸಾವಿರ ಹೆಂಗಸರು ಒಂದೊಂದು ಸಣ್ಣ ಪ್ರಜಾಪ್ರಭುತ್ವದ ಮುಖ್ಯಸ್ಥರು. ಅವರ ಕೈಲಿ ಕತ್ತಿ ಇಲ್ಲ. ಒಂದು ಸಹಿ ಇದೆ.

ಅವರಲ್ಲಿ ಒಬ್ಬರ ಹೆಸರು ಹೇಳ್ರಿ ನೋಡೋಣ. ನಿಮ್ಮೂರಿನವರದ್ದೇ ಹೇಳ್ರಿ. ‘ಇಂಥವರ ಹೆಂಡತಿ’ ಅಂತಲ್ಲ, ಅವರ ಹೆಸರು.

ನನಗೆ ಆ ಊರಿನ ಅಧ್ಯಕ್ಷರ ಹೆಸರು ಗೊತ್ತಿರಲಿಲ್ಲ. ಏಳು ದಿನ ಆ ಊರಾಗ ಇದ್ದು ಬಂದಿದ್ದೆ.

3/10

‘ಮೀಸಲಾತಿ ಕೊಟ್ಟಿದ್ದಕ್ಕೆ ಬಂದಾರ’ ಅಂತ ಹೇಳೋರಿಗೆ ಈ ಭಾಗ.

ಹೌದು, ಕೊಟ್ಟಿದ್ದಕ್ಕೇ ಬಂದಿದ್ದಾರೆ. ಅದರಲ್ಲಿ ನಾಚಿಕೆ ಏನಿಲ್ಲ. ಇಡೀ ದೇಶಕ್ಕೆ ಮೊದಲು ಈ ದಾರಿಯಲ್ಲಿ ನಡೆದ ರಾಜ್ಯಗಳಲ್ಲಿ ನಮ್ಮದೂ ಒಂದು ಅಂತ ಎಷ್ಟು ಜನಕ್ಕೆ ಗೊತ್ತು? ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅಂತ ಮಂತ್ರಿ ಇದ್ದರು. ಊರೂರಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅಂತ ಹೆಸರಾದವರು. ಅವರ ಪಂಚಾಯತಿ ಕಾಯ್ದೆ 1983ರದ್ದು. ಅದರಲ್ಲಿ ಹೆಣ್ಣುಮಕ್ಕಳಿಗೆ ಶೇಕಡ 25 ಸೀಟು. 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ಮಂಡಲ ಪಂಚಾಯತಿಗಳಿಗೆ ಸುಮಾರು 14 ಸಾವಿರ ಹೆಂಗಸರು ಆರಿಸಿ ಬಂದರು. ನಮ್ಮ ಅವ್ವಂದಿರು ಆಗಿನ್ನೂ ಶಾಲೆ ಹುಡುಗಿಯರು.

ಆಮೇಲೆ ಸಂವಿಧಾನದ 73ನೇ ತಿದ್ದುಪಡಿ. 1993ರ ಏಪ್ರಿಲ್ 24ರಿಂದ ಜಾರಿ, ದೇಶಕ್ಕೆಲ್ಲ ಮೂರನೇ ಒಂದು ಭಾಗ. ಕರ್ನಾಟಕ 2010ರಲ್ಲಿ ಅದನ್ನ ಶೇಕಡ 50 ಮಾಡಿತು.

ಕಾಗದದ ಮೇಲೆ ಅರ್ಧ ಅಧಿಕಾರ ಬಂದು ಇಷ್ಟು ವರ್ಷ ಆಯ್ತು. ಈಗ ನಿಮ್ಮೂರ ಪಂಚಾಯತಿ ಆಫೀಸಿಗೆ ಹೋಗಿ ಗೋಡೆ ನೋಡ್ರಿ. ಅಧ್ಯಕ್ಷರ ಪಟ್ಟಿ ಇರುತ್ತೆ. ಗಂಡಸಾದರೆ ಬರೀ ಹೆಸರು. ಹೆಂಗಸಾದರೆ ‘ಶ್ರೀಮತಿ ಇಂಥವ್ವ ಕೋಂ ಇಂಥಪ್ಪ’. ಬೋರ್ಡಿನಲ್ಲೂ ಗಂಡನನ್ನ ಜೊತೆಗೆ ಕರ್ಕೊಂಡೇ ಬರಬೇಕು. ನಿಮ್ಮ ಅಪ್ಪನ ಫೋನ್ ತೆಗೆದು ‘ಅಧ್ಯಕ್ಷರು’ ಅಂತ ಹುಡುಕ್ರಿ. ಆ ನಂಬರ್ ಯಾರದ್ದು ನೋಡ್ರಿ.

‘ಪಂಚಾಯತ್’ ವೆಬ್ ಸೀರೀಸ್ ನೋಡಿದ್ದೀರಲ್ಲ. ಫುಲೇರಾದಲ್ಲಿ ಗೆದ್ದವಳು ಮಂಜು ದೇವಿ, ಎಲ್ಲರೂ ಪ್ರಧಾನ್‌ಜೀ ಅನ್ನೋದು ಗಂಡನಿಗೆ. ಹಾಸ್ಟೆಲಿನಾಗ ಬಿದ್ದು ಬಿದ್ದು ನಕ್ಕಿದ್ದೀವಿ. ಯುಪಿ ಕಥೆ ಅಂದ್ಕೊಂಡು ನಕ್ಕಿದ್ದೀವಿ.

4/10

ಇದು ಕಾಮರ್ಸ್‌ನವರಿಗೆ.

ಬಿಸಿನೆಸ್ ಲಾ ಓದಿದ್ದು ಮರೆತಿಲ್ಲ ತಾನೆ? ಭಾರತೀಯ ಕರಾರು ಕಾಯ್ದೆ, 1872. ಏಜೆನ್ಸಿ ಚಾಪ್ಟರ್. ಸೆಕ್ಷನ್ 190. ಖುದ್ದಾಗಿ ತಾನೇ ಮಾಡ್ತೀನಿ ಅಂತ ಒಪ್ಪಿಕೊಂಡ ಕೆಲಸವನ್ನ ಏಜೆಂಟ್ ಇನ್ನೊಬ್ಬನ ಕೈಗೆ ದಾಟಿಸುವಂತಿಲ್ಲ. ವ್ಯಾಪಾರದ ರೂಢಿ ಹಂಗಿದ್ರೆ, ಇಲ್ಲಾ ಕೆಲಸದ ಸ್ವರೂಪವೇ ಹಂಗಿದ್ರೆ ಮಾತ್ರ ವಿನಾಯಿತಿ. ಐದು ಮಾರ್ಕಿಗೆ ಬರೆದಿದ್ದೀವಿ.

ಬ್ಯಾಡಗಿ ಲೆಕ್ಕದಾಗ ಹೇಳ್ತೀನಿ. ನಿಮ್ಮಪ್ಪ ಮೆಣಸಿನಕಾಯಿ ಚೀಲ ಒಬ್ಬರ ದಲಾಲಿ ಅಂಗಡಿಗೆ ಹಾಕ್ತಾರೆ. ಯಾಕೆ ಅಲ್ಲಿಗೇ? ಆ ಮನುಷ್ಯನ ಮೇಲೆ ನಂಬಿಕೆ. ಟೆಂಡರ್ ಮುಗಿದ ಮೇಲೆ ಹೋದ್ರೆ ‘ನಿಮ್ಮ ಮಾಲು ನಾ ನೋಡೇ ಇಲ್ಲರೀ, ನಮ್ಮ ಭಾವ ಮಾರ್ಯಾನ, ರೊಕ್ಕ ಅವನ ಕಡೆ ಕೇಳ್ರಿ’ ಅಂದ್ರೆ ಅಪ್ಪ ಸುಮ್ಮನೆ ಬರ್ತಾರಾ? ಅಂಗಡಿ ಮುಂದೆ ಏನೇನು ಮಾತು ಬರ್ತಾವೆ ಅಂತ ನಿಮಗೂ ಗೊತ್ತು.

ಪಂಚಾಯತಿಯಲ್ಲಿ ಮಾಲೀಕರು ಊರಿನ ಜನ, ಏಜೆಂಟ್ ಅಧ್ಯಕ್ಷರು. ಬ್ಯಾಲೆಟ್ಟಿನಲ್ಲಿ ಇದ್ದದ್ದು ಅವರ ಹೆಸರು, ಪ್ರಮಾಣ ತಗೊಂಡವರು ಅವರು, ನಾಳೆ ಲೆಕ್ಕಪತ್ರದಲ್ಲಿ ತಪ್ಪು ಬಂದ್ರೆ ನೋಟಿಸು ಬರೋದೂ ಅವರ ಹೆಸರಿಗೇ. ಹಾಗಾದ್ರೆ ಕುರ್ಚಿಯಲ್ಲಿ ಕೂತು ‘ಆಗ್ತದ ಹೋಗ್ರಿ, ನಾ ನೋಡ್ಕೊಂತೀನಿ’ ಅನ್ನೋ ಈ ಯಜಮಾನರು ಯಾರು? ಅವರಿಗೆ ನೀವು ಮತ ಹಾಕಿಲ್ಲ. ಅವರನ್ನ ತೆಗೆಯೋ ದಾರಿಯೂ ನಿಮ್ಮ ಕೈಲಿಲ್ಲ. ತಪ್ಪು ಮಾಡಿದ್ರೆ ಅವರ ಮೇಲೆ ಅವಿಶ್ವಾಸ ಮಂಡಿಸಕ್ಕೆ ಆಗಲ್ಲ, ಯಾಕಂದ್ರೆ ಅವರು ಯಾವ ಹುದ್ದೆಯಲ್ಲೂ ಇಲ್ಲ.

ಮತ ಇಲ್ಲದೇ ಬಂದ, ತೆಗೆಯಕ್ಕಾಗದ, ಲೆಕ್ಕ ಕೊಡದ ಅಧಿಕಾರ. ಇದಕ್ಕೆ ದೊಡ್ಡ ದೇಶದಲ್ಲಿ ಸರ್ವಾಧಿಕಾರ ಅಂತಾರೆ. ನಮ್ಮೂರಾಗ ‘ಪಾಪ, ಹೆಂಡತಿಗೆ ಸಹಾಯ ಮಾಡ್ತಾನ’ ಅಂತೀವಿ.

ಪಂಚಾಯತಿ ಕರಾರು ಕಾಯ್ದೆ ಕೆಳಗೆ ಬರಲ್ಲ, ಗೊತ್ತು, ಕಮೆಂಟಿನಲ್ಲಿ ಪಾಠ ಮಾಡಬೇಡಿ. ನಾನು ಹೇಳ್ತಿರೋದು ತತ್ವ. ಇನ್ನು ‘ರೂಢಿ ಐತಲ್ಲ’ ಅನ್ನೋರಿಗೆ: ಆ ರೂಢಿ ಮುರಿಯಕ್ಕೇ ಸಂವಿಧಾನ ತಿದ್ದಿದ್ದು.

5/10

ಈಗ ಆ ಹುಡುಗಿಯ ಅವ್ವನ ಕಥೆ. ಇದರಲ್ಲಿ ಗುಟ್ಟು ಏನಿಲ್ಲ, ಅವರು ಮಾಡಿದ್ದೆಲ್ಲ ಸಭೆಯ ನಡಾವಳಿ ಪುಸ್ತಕದಲ್ಲೇ ಇದೆ.

ಏಳನೇ ಕ್ಲಾಸು ಓದಿದ್ದಾರೆ. ಸೀಟು ಮಹಿಳೆಗೆ ಬಂತು ಅಂತ ಗಂಡ ನಿಲ್ಲಿಸಿದರು. ಗೆದ್ದರು. ಅಧ್ಯಕ್ಷಗಿರಿಯೂ ಮಹಿಳೆಗೇ ಬಂತು. ಮೊದಲ ಒಂದು ವರ್ಷ ಗಂಡ ಬೈಕ್ ಮೇಲೆ ಕರ್ಕೊಂಡು ಬರೋರು, ತೋರಿಸಿದ ಕಡೆ ಸಹಿ ಮಾಡೋರು, ಮನೆಗೆ ಹೋಗೋರು. ಪಂಚಾಯತಿ ರೊಕ್ಕ ಬಿಡುಗಡೆ ಆಗಬೇಕಂದ್ರೆ ಪಿಡಿಒ ಜೊತೆ ಅಧ್ಯಕ್ಷರ ಸಹಿಯೂ ಬೇಕು. ಈಗ ಚೆಕ್ ಬದಲು ಡಿಜಿಟಲ್ ಕೀ, ಪೆನ್‌ಡ್ರೈವ್ ತರ ಇರ್ತದಲ್ಲ, ಅದು. ಅವರ ಕೀ ಗಂಡನ ಅಂಗಿ ಕಿಸೆಯಲ್ಲೇ ಇರ್ತಿತ್ತು.

ಒಂದಿನ ಒಂದು ಬಿಲ್ ಬಂತು. ಅವರದ್ದೇ ಓಣಿಯ ಚರಂಡಿ. ಬಿಲ್ಲಿನಲ್ಲಿ 60 ಮೀಟರ್. ದಿನಾ ಆ ಓಣಿಯಲ್ಲಿ ಕೊಡ ಹೊತ್ತು ಓಡಾಡೋ ಹೆಂಗಸಿಗೆ ಚರಂಡಿ ಎಲ್ಲಿ ಶುರುವಾಗಿ ಎಲ್ಲಿ ನಿಂತಿದೆ ಅಂತ ಯಾರೂ ಹೇಳಬೇಕಾಗಿಲ್ಲ. ಸಂಜೆ ದನ ಕಟ್ಟೋ ಹಗ್ಗ ತಗೊಂಡು ಹೋಗಿ ಮಾರು ಹಾಕಿ ಅಳೆದರು. 12 ಮಾರು. ಮಗಳು ಟೇಪ್ ಹಿಡಿದು ಒಂದು ಮಾರು ಎಷ್ಟು ಅಂತ ಲೆಕ್ಕ ಹಾಕಿದಳು. ಒಟ್ಟು 22 ಮೀಟರ್.

‘ಉಳಿದ 38 ಮೀಟರ್ ಯಾರ ಮನಿಯಾಗ ಐತಿ?’ ಅಂತ ಅವತ್ತು ರಾತ್ರಿ ಗಂಡನಿಗೆ ಕೇಳಿದರಂತೆ.

ಗಂಡ ಕೆಟ್ಟವರಲ್ಲ. ಇದನ್ನ ಮಗಳೇ ಹೇಳಿದಳು, ನಾನೂ ನಂಬ್ತೀನಿ. ಆದ್ರೆ ಕೆಲಸ ಹಿಡಿದವನಿಗೆ ಅವರು ಮಾತು ಕೊಟ್ಟಿದ್ದರು. ‘ಎಲ್ಲಾ ಕಡೆ ಹಂಗ ನಡೀತದ, ನೀ ಸಹಿ ಮಾಡು’ ಅಂದರು. ಇವರು ಕೈ ಚಾಚಿ ಕೀ ವಾಪಸ್ ಕೇಳಿದರು.

ಮರುದಿನ ಸಭೆಯಲ್ಲಿ ‘ಕೆಲಸ ಪೂರ್ತಿ ಆಗಿಲ್ಲ, ಅಳತೆ ಮಾಡಿದ ಮೇಲೆ ಬಿಲ್’ ಅಂತ ನಡಾವಳಿಯಲ್ಲಿ ಬರೆಸಿದರು. ಒಂದೇ ಸಾಲು.

6/10

ಆ ಒಂದು ಸಾಲಿಗೆ ಬಿದ್ದ ಬೆಲೆ ನೋಡ್ರಿ.

ಮೊದಲು ಪ್ರೀತಿಯಿಂದ. ‘ಅವ್ವಾರ, ನಿಮಗ್ಯಾಕ ಇದೆಲ್ಲಾ, ಯಜಮಾನರು ನೋಡ್ಕೊಂತಾರಲ್ಲ.’ ಆಮೇಲೆ ತವರುಮನೆಗೆ ಜನ ಹೋದರು, ಅಣ್ಣನ ಮುಂದೆ ಕೂತು ‘ನಿಮ್ಮ ತಂಗಿಗೆ ನಾಕು ಬುದ್ಧಿಮಾತು ಹೇಳ್ರಿ’ ಅಂದರು. ಆಮೇಲೆ ಹೆಂಗಸಿನ ಮೇಲೆ ಯಾವ ಮಾತು ಹೊರಡಬೇಕೋ ಅದು ಹೊರಟಿತು. ಪಿಡಿಒ ಜೊತೆ ಹೆಸರು ಕಟ್ಟಿದರು. ಮನೆಯಲ್ಲಿ ಗಂಡ ಎಂಟು ದಿನ ಮಾತು ಬಿಟ್ಟರು.

ಆಮೇಲೆ ಅವಿಶ್ವಾಸದ ಹೆದರಿಕೆ. ಅಧ್ಯಕ್ಷರನ್ನ ಇಳಿಸಬೇಕಂದ್ರೆ ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗ ಬೇಕು. ಆ ಪಂಚಾಯತಿಯಲ್ಲಿ 14 ಜನ, ಅಂದ್ರೆ 10. ‘ಹತ್ತು ಸಹಿ ಆಗ್ಯಾವ’ ಅಂತ ಚಹಾ ಅಂಗಡಿಯಲ್ಲಿ ಸುದ್ದಿ ಬಿಟ್ಟರು. ಆಗಿರಲಿಲ್ಲ. ಆಗದೇ ಇದ್ದಾಗ ಇನ್ನೊಂದು ದಾರಿ ಹಿಡಿದರು. ಸಭೆಗೆ ಬರೋದನ್ನೇ ಬಿಟ್ಟರು. ಕೋರಂ ಇಲ್ಲ, ಸಭೆ ಮುಂದಕ್ಕೆ. ಮತ್ತೆ ಕೋರಂ ಇಲ್ಲ, ಮತ್ತೆ ಮುಂದಕ್ಕೆ. ಬೀದಿದೀಪ ಕೆಟ್ಟಿತ್ತು, ಕೆಟ್ಟೇ ಇತ್ತು. ನೀರಿನ ಮೋಟರ್ ರಿಪೇರಿ ನಿಂತಿತು.

ಊರಿನವರು ಯಾರನ್ನ ಬೈದರು? ಸಭೆಗೆ ಬರದೇ ಇದ್ದವರನ್ನಲ್ಲ. ಸಭೆಯಲ್ಲಿ ಒಬ್ಬರೇ ಕೂತಿದ್ದವರನ್ನ. ಕಟ್ಟೆ ಮೇಲೆ ಒಂದೇ ಮಾತು: ‘ಹೆಣ್ಣಿನ ಆಡಳಿತ ನೋಡ್ರಿ, ಲೈಟ್ ಇಲ್ಲ, ನೀರಿಲ್ಲ.’

ನಮ್ಮ ಕ್ಯಾಂಪ್ ನಡೆದದ್ದು ಇದೇ ಹೊತ್ತಿನಲ್ಲಿ. ಅವರನ್ನ ಸ್ಟೇಜ್ ಮೇಲೆ ಕರೀದೇ ಉಪ್ಪಿಟ್ಟಿನ ಪಾತ್ರೆ ಹತ್ತಿರ ನಿಲ್ಲಿಸಿದ್ದು ಮರೆವಿನಿಂದ ಆದದ್ದಲ್ಲ. ಅದೊಂದು ಶಿಕ್ಷೆ. ಆ ಶಿಕ್ಷೆಗೆ ನಾನು ಕ್ಯಾಪ್ಶನ್ ಬರೆದೆ.

ಹುಡುಗಿಯ ಕೊನೆಯ ಮೆಸೇಜ್ ಇದು: ‘ಅಕ್ಕಾ, ಅವ್ವ ಸಹಿ ಮಾಡಿಬಿಟ್ಟಿದ್ರ ಎಲ್ಲಾ ಸುಮ್ಮನ ಆಗ್ತಿತ್ತಲ್ಲ?’

ಎರಡು ದಿನ ಉತ್ತರ ಕೊಡಲಿಲ್ಲ. ಕೊಡಕ್ಕೆ ಬರಲಿಲ್ಲ.

7/10

ಉತ್ತರ ಹುಡುಕ್ತಾ ಹುಡುಕ್ತಾ ತೈವಾನಿಗೆ ಹೋದೆ. ನಗಬೇಡಿ.

ಕರ್ನಾಟಕದ ಐದನೇ ಒಂದು ಭಾಗದಷ್ಟೂ ಇಲ್ಲದ ದ್ವೀಪ, ಸುಮಾರು 36 ಸಾವಿರ ಚದರ ಕಿಲೋಮೀಟರ್. 2.3 ಕೋಟಿ ಜನ. ಪಕ್ಕದಲ್ಲಿ ಚೀನಾ, ಅದು ಈ ದ್ವೀಪ ನಮ್ಮದೇ ಅಂತ ಹೇಳ್ತಾ ಬಂದಿದೆ. ತೈವಾನ್ ಹುಟ್ಟಿನಿಂದಲೇ ಪ್ರಜಾಪ್ರಭುತ್ವ ಆಗಿರಲಿಲ್ಲ. 1949ರಿಂದ 1987ರವರೆಗೆ 38 ವರ್ಷ ಮಿಲಿಟರಿ ಕಾನೂನು. ಜನ ನೇರವಾಗಿ ಅಧ್ಯಕ್ಷರನ್ನ ಆರಿಸಿದ್ದು 1996ರಲ್ಲಿ ಮೊದಲು. ಆ ಚುನಾವಣೆಗೆ ಮುಂಚೆ ಹೆದರಿಸಕ್ಕೆ ಅಂತ ಚೀನಾ ಸಮುದ್ರಕ್ಕೆ ಕ್ಷಿಪಣಿ ಹಾರಿಸಿತ್ತು. ಜನ ಹೋಗಿ ಮತ ಹಾಕಿದರು.

2016ರಲ್ಲಿ ತ್ಸಾಯ್ ಇಂಗ್-ವೆನ್ ಗೆದ್ದರು. ತೈವಾನಿನ ಮೊದಲ ಮಹಿಳಾ ಅಧ್ಯಕ್ಷೆ. ನನ್ನ ಮನಸ್ಸಿಗೆ ನಾಟಿದ್ದು ಒಂದು ವಿಷಯ. ಏಷ್ಯಾದಲ್ಲಿ ಮೇಲಕ್ಕೆ ಬಂದ ಎಷ್ಟೋ ಮಹಿಳೆಯರು ದೊಡ್ಡ ನಾಯಕರ ಹೆಂಡತಿ, ಇಲ್ಲಾ ಮಗಳು. ಸಿರಿಮಾವೊ ಬಂಡಾರನಾಯಿಕೆ, ಇಂದಿರಾ ಗಾಂಧಿ, ಬೆನಜೀರ್ ಭುಟ್ಟೊ, ಶೇಖ್ ಹಸೀನಾ. ತ್ಸಾಯ್ ಹಂಗಲ್ಲ. ಕಾನೂನು ಪಾಠ ಮಾಡ್ತಿದ್ದವರು, ರಾಜಕೀಯ ಮನೆತನ ಅಲ್ಲ, ಮದುವೆಯೂ ಆಗಿಲ್ಲ. ಗೋಡೆ ಮೇಲೆ ‘ಕೋಂ’ ಅಂತ ಬರೆಯಕ್ಕೆ ಯಾರೂ ಇಲ್ಲ.

ಅದಕ್ಕೂ ಬಿಡಲಿಲ್ಲ. 2016ರ ಮೇ ತಿಂಗಳಲ್ಲಿ ಚೀನಾ ಸರ್ಕಾರಿ ಸುದ್ದಿಸಂಸ್ಥೆಗೆ ಸೇರಿದ ಪತ್ರಿಕೆಯೊಂದು, ಈಕೆಗೆ ಗಂಡ ಮಕ್ಕಳಿಲ್ಲ, ಅದಕ್ಕೇ ರಾಜಕೀಯದಲ್ಲಿ ಅತಿರೇಕಕ್ಕೆ ಹೋಗ್ತಾಳೆ ಅನ್ನೋ ಅರ್ಥದ ಲೇಖನ ಹಾಕಿತು. ಟೀಕೆ ಜೋರಾದ ಮೇಲೆ ವೆಬ್‌ಸೈಟಿನಿಂದ ತೆಗೆದರು.

ಅಣುಬಾಂಬ್ ಇರೋ ದೇಶದ ಬಾಯಲ್ಲಿ ಬಂದ ಮಾತೂ ನಮ್ಮೂರ ಕಟ್ಟೆ ಮೇಲಿನ ಮಾತೂ ಒಂದೇ. ಗಂಡ ಇದ್ರೆ ‘ಗಂಡ ಹೇಳಿದಂಗ ಕೇಳು’. ಇಲ್ಲದಿದ್ರೆ ‘ಗಂಡ ಇಲ್ಲ, ಅದಕ್ಕ ಹಿಂಗ’.

8/10

ಈಗ ಅನಾನಸ್ ಕಥೆ. ಬ್ಯಾಡಗಿಯವರು ಗಮನ ಇಟ್ಟು ಓದ್ರಿ.

ತೈವಾನ್ ಹೊರದೇಶಕ್ಕೆ ಕಳಿಸ್ತಿದ್ದ ಅನಾನಸ್‌ನಲ್ಲಿ ಶೇಕಡ 90ಕ್ಕೂ ಹೆಚ್ಚು ಕೊಳ್ತಿದ್ದದ್ದು ಚೀನಾ ಒಂದೇ. 2021ರ ಮಾರ್ಚ್ 1ರಿಂದ ಚೀನಾ ಖರೀದಿ ನಿಲ್ಲಿಸಿತು. ಹಣ್ಣಿನಲ್ಲಿ ಕೀಟ ಅದಾವೆ ಅಂತ ಕಾರಣ. ಹೊಲದಲ್ಲಿ ಬೆಳೆ ಕಟಾವಿಗೆ ಬಂದಿತ್ತು.

ಲೆಕ್ಕ ಅರ್ಥ ಆಯ್ತಲ್ಲ? ಗುಂಡು ಹಾರಿಸಬೇಕಾಗಿಲ್ಲ. ರೈತನ ಹೊಟ್ಟೆ ಮೇಲೆ ಹೊಡೆದ್ರೆ ಸಾಕು, ರೈತನೇ ಹೋಗಿ ತನ್ನ ಅಧ್ಯಕ್ಷೆಯನ್ನ ಬೈತಾನೆ. ರೇಟು ಬಿದ್ದಾಗ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಮಾರ್ಚ್ 11ಕ್ಕೆ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದರ ಬಿದ್ದು ರೈತರ ಸಿಟ್ಟು ಎಪಿಎಂಸಿ ಆಫೀಸಿನವರೆಗೆ ಬಂದು ಗಾಡಿಗಳಿಗೆ ಬೆಂಕಿ ಬಿದ್ದದ್ದು ನೋಡಿದ್ದೀವಿ.

ತೈವಾನಿನಲ್ಲಿ ತ್ಸಾಯ್ ಸರ್ಕಾರ ಚೀನಾದ ಮುಂದೆ ತಲೆ ಬಗ್ಗಿಸಲಿಲ್ಲ. ಜನರ ಮುಂದೆ ಹೋಯ್ತು. ನಮ್ಮ ರೈತರ ಹಣ್ಣು ನಾವೇ ತಿನ್ನೋಣ ಅಂದರು, ‘ಸ್ವಾತಂತ್ರ್ಯದ ಅನಾನಸ್’ ಅಂತ ಹೆಸರಿಟ್ಟರು. ಕಂಪನಿಗಳು, ಹೋಟೆಲ್ಲು, ಮನೆ ಮಂದಿ ಆರ್ಡರ್ ಹಾಕಿದರು, ಜಪಾನಿನಿಂದಲೂ ಬಂತು. ನಾಲ್ಕೇ ದಿನದಲ್ಲಿ, ಹಿಂದಿನ ವರ್ಷ ಚೀನಾಕ್ಕೆ ಹೋಗಿದ್ದಷ್ಟು ಮಾಲಿಗೆ ಆರ್ಡರ್ ಆಗಿತ್ತು.

ಇದರಲ್ಲಿ ದೊಡ್ಡ ಕೆಲಸ ಮಾಡಿದ್ದು ಅಧ್ಯಕ್ಷೆ ಅಲ್ಲ, ಹಣ್ಣು ಕೊಂಡವರು. ಅವರು ಕೊಳ್ಳದೇ ‘ಹೆಣ್ಣಿನ ಆಡಳಿತ ನೋಡ್ರಿ’ ಅಂತ ಕೂತಿದ್ರೆ ತ್ಸಾಯ್ ಒಬ್ಬರೇ ಏನು ಮಾಡಕ್ಕಾಗ್ತಿತ್ತು?

ತ್ಸಾಯ್ ದೇವತೆ ಅಂತ ಹೇಳ್ತಿಲ್ಲ. 2018ರಲ್ಲೂ 2022ರಲ್ಲೂ ಸ್ಥಳೀಯ ಚುನಾವಣೆಯಲ್ಲಿ ಅವರ ಪಕ್ಷ ಚೆನ್ನಾಗಿ ಸೋತಿತು. ಎರಡು ಸಲವೂ ಪಕ್ಷದ ಅಧ್ಯಕ್ಷ ಸ್ಥಾನ ಬಿಟ್ಟರು. ನಡುವೆ 2020ರಲ್ಲಿ 81 ಲಕ್ಷಕ್ಕೂ ಹೆಚ್ಚು ಮತ ತಗೊಂಡು ಗೆದ್ದರು. ಎರಡು ಅವಧಿ ಮುಗೀತು, 2024ರ ಮೇ 20ಕ್ಕೆ ಕುರ್ಚಿ ಬಿಟ್ಟುಕೊಟ್ಟು ಮನೆಗೆ ಹೋದರು. ಬೈಸ್ಕೊಳ್ಳೋದು, ಸೋಲೋದು, ಹೋಗೋದು, ಇದೂ ಪ್ರಜಾಪ್ರಭುತ್ವ.

ಹುಡುಗಿಗೆ ಕೊನೆಗೆ ಬರೆದೆ: ‘ಸಹಿ ಮಾಡಿದ್ರ ಸುಮ್ಮನ ಆಗ್ತಿತ್ತು ತಂಗಿ. ಮುಂದಿನ ತಿಂಗಳು ಇನ್ನೊಂದು ಬಿಲ್ ಬರ್ತಿತ್ತು, ಅದು 100 ಮೀಟರ್ ಇರ್ತಿತ್ತು. ನಿಮ್ಮವ್ವನ ತಪ್ಪಲ್ಲ. ಅವರ ಹಿಂದ ನಾವು ನಿಲ್ಲಲಿಲ್ಲ, ಅದು ತಪ್ಪು.’

9/10

ಬರೋ ಕಮೆಂಟುಗಳಿಗೆ ಮೊದಲೇ ಉತ್ತರ.

‘ಅವರಿಗೇ ಇಂಟ್ರೆಸ್ಟ್ ಇರಲ್ಲ.’ ಒಂದು ವರ್ಷ ಕೀ ಕೈಗೆ ಕೊಡದೇ ಇದ್ರೆ ನಿಮಗೂ ಇರಲ್ಲ. ಕೀ ಕೈಗೆ ಬಂದ ದಿನವೇ 12 ಮಾರು ಅಳೆದವರು ಅವರೇ.

‘ಓದಿಲ್ಲ, ತಿಳಿಯಲ್ಲ.’ ಓದಿದವರು ಬರೆದ ಬಿಲ್ಲದು, 60 ಮೀಟರ್. ಏಳನೇ ಕ್ಲಾಸಿನವರು ಹಿಡಿದ ತಪ್ಪು.

‘ಎಲ್ಲಾ ಹೆಣ್ಮಕ್ಕಳೂ ಪ್ರಾಮಾಣಿಕರಾ?’ ಅಲ್ಲ. ಕಳ್ಳಿಯಾದ್ರೆ ಇಳಿಸ್ರಿ. ಆದ್ರೆ ಸಭೆಯಲ್ಲಿ, ಕೈ ಎತ್ತಿ, ಲೆಕ್ಕ ಇಟ್ಟು ಇಳಿಸ್ರಿ. ಸರ್ಕಾರದ ಬಹುಮತ ಸದನದಲ್ಲೇ ಸಾಬೀತಾಗಬೇಕು ಅಂತ 1994ರ ಬೊಮ್ಮಾಯಿ ತೀರ್ಪು ಹೇಳಿತು. ವಿಧಾನಸೌಧಕ್ಕೆ ಒಂದು ನ್ಯಾಯ, ಪಂಚಾಯತಿಗೆ ಚಹಾ ಅಂಗಡಿ ನ್ಯಾಯ ಆಗಬಾರದು.

‘ಇದೆಲ್ಲ ಸಣ್ಣ ವಿಷಯ.’ ಸುಪ್ರೀಂ ಕೋರ್ಟಿಗೆ ಸಣ್ಣದಾಗಿ ಕಾಣಲಿಲ್ಲ. ಛತ್ತೀಸ್‌ಗಢದ ಜಶ್‌ಪುರ ಜಿಲ್ಲೆಯ ಸೋನಮ್ ಲಾಕ್ರಾ, 27ರ ಹರೆಯದ ಸರಪಂಚೆ. ಕಾಮಗಾರಿ ತಡ ಆಯ್ತು ಅಂತ ಅಧಿಕಾರಿಗಳು ತೆಗೆದುಹಾಕಿದ್ದರು. 2024ರ ನವೆಂಬರಿನಲ್ಲಿ ಕೋರ್ಟು ಅವರನ್ನ ವಾಪಸ್ ಕೂರಿಸಿತು, ಸರ್ಕಾರ ಆಕೆಗೆ 1 ಲಕ್ಷ ರೂಪಾಯಿ ಕೊಡಬೇಕು ಅಂತಲೂ ಹೇಳಿತು. ಅದೇ ವರ್ಷ ಮಹಾರಾಷ್ಟ್ರದ ಮನೀಷಾ ಪಾನ್‌ಪಾಟೀಲ್ ಕೇಸಿನಲ್ಲೂ, ಹೆಣ್ಣು ಸರಪಂಚ್ ಆದದ್ದನ್ನ ಊರಿಗೆ ಸಹಿಸಕ್ಕಾಗಲಿಲ್ಲ ಅನ್ನೋದನ್ನ ಗುರುತಿಸಿ ಹುದ್ದೆ ವಾಪಸ್ ಕೊಡಿಸಿತು. ಗಂಡಂದಿರ ದರ್ಬಾರಿನ ಬಗ್ಗೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಸಮಿತಿಯನ್ನೇ ಮಾಡಿತ್ತು, ಕಠಿಣ ಶಿಕ್ಷೆ ಬೇಕು ಅಂತ 2025ರಲ್ಲಿ ವರದಿ ಬಂತು.

‘ನೀನು ಯಾವ ಪಾರ್ಟಿ?’ ಪಂಚಾಯತಿ ಚುನಾವಣೆಯಲ್ಲಿ ಪಾರ್ಟಿ ಚಿಹ್ನೆಯೇ ಇರಲ್ಲ. ಆದ್ರೂ ಕೇಳ್ತೀರಿ ಅಂದ್ರೆ, ಎಲ್ಲಾ ಪಾರ್ಟಿಗಳ ಮೇಲೂ ನನಗೆ ಸಿಟ್ಟಿದೆ. ಜಿಲ್ಲಾ ಪಂಚಾಯತಿ, ತಾಲೂಕು ಪಂಚಾಯತಿಗೆ ಜನ ಮತ ಹಾಕಿದ್ದು 2016ರಲ್ಲಿ. ನಾನಾಗ ಪ್ರೈಮರಿ ಶಾಲೆಯಲ್ಲಿದ್ದೆ. 2021ಕ್ಕೆ ಅವಧಿ ಮುಗೀತು. ಆಮೇಲೆ ಯಾರ ಸರ್ಕಾರ ಬಂದರೂ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ. ನನಗೆ 20 ವರ್ಷ, ನನ್ನ ಜಿಲ್ಲೆಯ ಪಂಚಾಯತಿಗೆ ಒಂದು ಸಲವೂ ಮತ ಹಾಕಿಲ್ಲ. ಮೇಲಿನವರು ಚುನಾವಣೆಯನ್ನೇ ಮುಂದಕ್ಕೆ ಹಾಕ್ತಾರೆ, ಕೆಳಗಿನವರು ಗೆದ್ದವಳನ್ನ ಒಳಗೆ ಕೂರಿಸ್ತಾರೆ. ಎರಡೂ ಒಂದೇ ರೋಗ.

10/10

ಕೊನೆಯದು. ಇದಕ್ಕೆ ಮೇಣದಬತ್ತಿ ಬೇಡ, ರ್‍ಯಾಲಿ ಬೇಡ. ನಾವು ಮಾಡಬಹುದಾದ ನಾಲ್ಕು ಕೆಲಸ ಹೇಳ್ತೀನಿ.

ಒಂದು. ನಿಮ್ಮೂರ ಅಧ್ಯಕ್ಷರ ಹೆಸರು ತಿಳ್ಕೊಳ್ರಿ. ಸಿಕ್ಕಾಗ ಆ ಹೆಸರು ಹಿಡಿದು, ‘ಅಧ್ಯಕ್ಷರ, ಶರಣ್ರೀ’ ಅನ್ರಿ. ಅವರ ಯಜಮಾನರಿಗೆ ‘ಕಾಕಾ’ ಅನ್ರಿ, ‘ಮಾಮಾ’ ಅನ್ರಿ. ‘ಅಧ್ಯಕ್ಷರ’ ಅನ್ನಬೇಡ್ರಿ. ಸಣ್ಣ ಮಾತು, ಆದ್ರೆ ಅವರ ಅಧಿಕಾರ ನಿಂತಿರೋದು ನಮ್ಮ ಈ ಕರೆಯೋ ರೂಢಿ ಮೇಲೆ.

ಎರಡು. ಗ್ರಾಮಸಭೆಗೆ ಹೋಗ್ರಿ. ಆರು ತಿಂಗಳಿಗೊಂದಾದ್ರೂ ನಡೀಲೇಬೇಕು. 18 ತುಂಬಿ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ರೆ ನೀವು ಅದರ ಸದಸ್ಯರು, ಯಾರೂ ಕರೀಬೇಕಾಗಿಲ್ಲ. ನಾವು ಬಿಕಾಂನವರು, ಜಮಾ ಖರ್ಚು ಓದಕ್ಕೆ ಬರುತ್ತೆ. ಒಂದು ಬಿಲ್ ಕೇಳ್ರಿ, ಒಂದು ಚರಂಡಿ ಅಳೀರಿ. ಟೇಪ್ ಇಲ್ಲದಿದ್ರೆ ಹಗ್ಗ ಸಾಕು.

ಮೂರು. ಕಾಲೇಜು ಫಂಕ್ಷನ್ನಿಗೆ, ಕ್ಯಾಂಪಿಗೆ ಅಧ್ಯಕ್ಷರನ್ನ ಕರೆದ್ರೆ ಅವರನ್ನೇ ಕರೀರಿ. ಕುರ್ಚಿ ಅವರಿಗೆ ಹಾಕ್ರಿ, ಮೈಕ್ ಅವರಿಗೆ ಕೊಡ್ರಿ. ಬೇರೆಯವರು ಬಂದು ಕೂತ್ರೆ ‘ಕಾಕಾ, ಇದು ಅಧ್ಯಕ್ಷರ ಕುರ್ಚಿ’ ಅನ್ನೋ ಧೈರ್ಯ ಮಾಡ್ರಿ. ಒಬ್ಬರು ಅಂದ್ರೆ ಕಷ್ಟ. ಐವತ್ತು ಜನ ಇದ್ವಿ ಅವತ್ತು.

ನಾಲ್ಕು. ಮುಂದಿನ ಪಂಚಾಯತಿ ಚುನಾವಣೆ ನನ್ನ ತರದ ಎಷ್ಟೋ ಜನಕ್ಕೆ ಮೊದಲನೆಯದು. 2020ರ ಡಿಸೆಂಬರಿನಲ್ಲಿ ಕೆಲವು ಕಡೆ ಸೀಟನ್ನೇ ಹರಾಜು ಹಾಕಿದ ಸುದ್ದಿ ಬಂದಿತ್ತು. ಮೆಣಸಿನಕಾಯಿಗೆ ಟೆಂಡರ್ ಹಾಕ್ರಿ, ಮತಕ್ಕೆ ಬೇಡ. ಮನೆಗೆ ಮತ ಕೇಳಕ್ಕೆ ಬಂದಾಗ ಗಂಡ ಮಾತಾಡಿ ಹೆಂಡತಿ ಹಿಂದೆ ಕೈ ಮುಗಿದು ನಿಂತಿದ್ರೆ ಒಂದೇ ಪ್ರಶ್ನೆ ಕೇಳ್ರಿ: ‘ಅವ್ವಾರ, ಕೀ ಯಾರ ಕಡೆ ಇರ್ತದ?’

ಮೊನ್ನೆ ಶಕ್ತಿ ಬಸ್ಸಿನಲ್ಲಿ ಆ ಊರಿಗೆ ಹೋಗಿ ಬಂದೆ. ಬೀದಿದೀಪ ಇನ್ನೂ ಹತ್ತಿಲ್ಲ. ಚರಂಡಿ ಇನ್ನೂ 22 ಮೀಟರೇ ಇದೆ. ಸಭೆಗೆ ಈಗ ಇಬ್ಬರು ಸದಸ್ಯೆಯರು ಬರಕ್ಕೆ ಶುರು ಮಾಡಿದ್ದಾರಂತೆ, ಕೋರಂ ಆಗಕ್ಕೆ ಅದು ಸಾಲಲ್ಲ. ಅಧ್ಯಕ್ಷರು ಮನೆಯಲ್ಲಿ ಚಹಾ ಕೊಟ್ಟರು. ನಾನು ತಪ್ಪಾಯ್ತು ಅಂದೆ. ‘ಇರ್ಲಿ ಬಿಡವಾ, ಎಲ್ಲಾರೂ ಹಂಗ ಬರೀತಾರ’ ಅಂದರು. ಬೈದಿದ್ರೆ ಚೆನ್ನಾಗಿತ್ತು.

ಡಿಜಿಟಲ್ ಕೀ ಈಗ ಅವರ ಕೊರಳ ದಾರದಲ್ಲಿದೆ, ಕಪಾಟಿನ ಬೀಗದಕೈ ಜೊತೆಗೆ.

ಅಳಿಸಿದ ಪೋಸ್ಟಿನ ತಿದ್ದಿದ ಕ್ಯಾಪ್ಶನ್ ಇಲ್ಲಿದೆ:

‘ಗಿಡಕ್ಕೆ ನೀರು ಹಾಕುತ್ತಿರುವವರು ಅಧ್ಯಕ್ಷರ ಪತಿ. ಗ್ರಾಮ ಪಂಚಾಯತಿ ಅಧ್ಯಕ್ಷರು ಈ ಫೋಟೋದಲ್ಲಿ ಇಲ್ಲ. ಅವರನ್ನು ನಾವು ಕರೆಯಲಿಲ್ಲ.’

#ಅಧ್ಯಕ್ಷರುಯಾರು #ಕೀಯಾರಕಡೆ #ಗ್ರಾಮಸಭೆ #ಹಲಗೇರಿ #ರಾಣೆಬೆನ್ನೂರು #ಬ್ಯಾಡಗಿ #ಹಾವೇರಿ